ಮಗಳಿಗೆ ಮಾರುವ ಕುದುರೆ

ಕೊಳ್ಳುವ ವಸ್ತುವನ್ನು ಪರೀಕ್ಷೆ ಮಾಡುವುದು ಹೆಂಗಸರಿಗೆ ಹೊಸ ವಿದ್ಯೆಯೇನಲ್ಲ. ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನಾದ ಕೇಳುತ್ತೇವೆ. ಅಕ್ಕಿಯನ್ನು ಅಂಗೈಯಲ್ಲಿ ತಿಕ್ಕಿ, ಎರಡು ಕಾಳು ಹಲ್ಲಿಗೆ ಹಾಕಿ ನೋಡುತ್ತೇವೆ. ಬದನೆಕಾಯಿಯನ್ನು ಸುತ್ತಲೂ ತಿರುಗಿಸಿ ಹುಳದ ತೂತು ಹುಡುಕುತ್ತೇವೆ. ಸಂತೆಯಲ್ಲಿ ಎತ್ತು ಕೊಳ್ಳುವ ಗಂಡಸರು ಬಾಯಿ ತೆರೆಸಿ ಹಲ್ಲು ಎಣಿಸುವುದೂ ಇದೇ ಜಾತಿಯ ವಿದ್ಯೆ. ಇಷ್ಟೆಲ್ಲ ಏಕೆ ಮಾಡುತ್ತೇವೆ ಹೇಳಿ? ಮಾರುವವನಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ. ಅವನು ತಾನಾಗಿಯೇ ಹೇಳಿಬಿಟ್ಟರೆ ಮಡಕೆ ಬಡಿಯುವ ಕೆಲಸವೇ ಇರುತ್ತಿರಲಿಲ್ಲ.

ಹಾಗಾದರೆ ಅವನು ಹೇಳಬೇಕೇ? ಎಷ್ಟು ಹೇಳಬೇಕು? ಕೇಳದಿದ್ದರೂ ಹೇಳಬೇಕೇ? ಅವನು ನಿಜ ಹೇಳಿದ ಮೇಲೆ ಆ ನಿಜವನ್ನು ನಾವು ಹೇಗೆ ಬಳಸಿಕೊಳ್ಳಬೇಕು? ಕಳೆದ ವರ್ಷ ಒಂದು ಹಳೆಯ ಕಾರು ಕೊಳ್ಳಲು ಹೊರಟಾಗ ಈ ಪ್ರಶ್ನೆಗಳು ನನ್ನನ್ನು ಹಿಡಿದುಕೊಂಡವು. ಕಾರು ಬಂದು ತಿಂಗಳುಗಳಾದರೂ ಪ್ರಶ್ನೆಗಳು ಬಿಟ್ಟು ಹೋಗಿಲ್ಲ.

ಕಾರಿನ ಶೋಕಿ ನಮಗೆ ಎಂದೂ ಇದ್ದದ್ದಲ್ಲ. ನಮ್ಮ ಕುರೆಕುಪ್ಪದಿಂದ ಬಳ್ಳಾರಿಗೆ ಸುಮಾರು 30 ಕಿಲೋಮೀಟರ್. ಪಕ್ಕದಲ್ಲೇ ತೋರಣಗಲ್ಲು, ಜಿಂದಾಲ್ ಉಕ್ಕಿನ ಕಾರ್ಖಾನೆ, ಹೊಸಪೇಟೆ–ಬಳ್ಳಾರಿ ಹೆದ್ದಾರಿ. ಬಸ್ಸಿಗೇನೂ ಬರವಿಲ್ಲ. ಆದರೆ ನಮ್ಮ ಮನೆಯವರಿಗೆ ಮೂತ್ರಪಿಂಡದ ತೊಂದರೆಯಾಗಿ ವಾರಕ್ಕೆರಡು ಸಲ ಬಳ್ಳಾರಿಯಲ್ಲಿ ಡಯಾಲಿಸಿಸ್ ಮಾಡಿಸಬೇಕಾಯಿತು. ನಾಲ್ಕು ಗಂಟೆ ಯಂತ್ರಕ್ಕೆ ಕೈಯೊಡ್ಡಿ ಮಲಗಿದ್ದು ಎದ್ದ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ಕಂಬ ಹಿಡಿದು ನಿಲ್ಲುವುದನ್ನು ನೋಡಲಾಗದೆ ನಾನು ಐವತ್ತಮೂರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಕೈಯಲ್ಲಿ ಇದ್ದದ್ದು ಮೂರು ಲಕ್ಷ. ಅದರಲ್ಲೇ ಕಾರು, ಕಾಗದಪತ್ರ, ಮೊದಲ ರಿಪೇರಿ ಎಲ್ಲವೂ ಮುಗಿಯಬೇಕು. ಬೆಳಗಿನ ಐದು ಗಂಟೆಗೆ ಹೊರಟರೆ ದಾರಿಯಲ್ಲಿ ನಿಲ್ಲದ ಕಾರು ಬೇಕು. ಬಣ್ಣ ಯಾವುದಾದರೂ ಸರಿ.

ಓದುವವರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ನಾವು ಕಲಿತದ್ದನ್ನು ಹೇಳಿಬಿಡುತ್ತೇನೆ. ಕಾರನ್ನು ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದರಲ್ಲಿ ಏನೋ ಮುಚ್ಚಿಡುವುದಿದೆ ಎಂದು ಅನುಮಾನಿಸಬಹುದು. ಹೊಗೆ ನೀಲಿಯಾಗಿದ್ದರೆ ಇಂಜಿನ್ ತನ್ನ ಎಣ್ಣೆಯನ್ನೇ ಸುಡುತ್ತಿದೆ. ಚಳಿಗೆ ಬರುವ ಸ್ವಲ್ಪ ಬಿಳಿ ಹಬೆ ಸಹಜ, ಆದರೆ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ತಂಪು ನೀರು ಒಳಗೆ ಸೋರುತ್ತಿರಬಹುದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರ ತಯಾರಾದದ್ದು. ಮೀಟರು ಇಪ್ಪತ್ತು ಸಾವಿರ ತೋರಿಸುತ್ತಿದ್ದು ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ರಬ್ಬರನ್ನು ನಂಬಿ, ಮೀಟರನ್ನಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಸವೆದ ರಬ್ಬರನ್ನು ಬೆಳೆಸಲಾಗದು. ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ನೋಂದಣಿ ಯಾವಾಗ, ಈಗಿನವರು ಎಷ್ಟನೆಯ ಮಾಲೀಕರು, ವಿಮೆ ಎಲ್ಲಿಯವರೆಗೆ, ಸಾಲ ಇದೆಯೇ ಎಂಬುದೆಲ್ಲ ತಿಳಿಯುತ್ತದೆ. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕು, ಜುಲೈನಿಂದ ಚಾಲಕರ ಏರ್‌ಬ್ಯಾಗು ಕಡ್ಡಾಯವಾದವು. ಆದ್ದರಿಂದ ಒಂದೇ ದುಡ್ಡಿಗೆ 2017ರ ದೊಡ್ಡ ಕಾರು, 2019ರ ಕೊನೆಯ ಸಣ್ಣ ಕಾರು ಎರಡೂ ಸಿಕ್ಕರೆ ನಾನು ಸಣ್ಣದನ್ನೇ ಆರಿಸುವೆ. ನಮ್ಮ ಸೀಮೆಯಲ್ಲಿ ಇನ್ನೊಂದು ಪರೀಕ್ಷೆಯಿದೆ. ಗಣಿಯ ಕೆಂಪು ಧೂಳು ಏರ್‌ಫಿಲ್ಟರಿನಲ್ಲಿ ಎಷ್ಟು ತುಂಬಿದೆ ನೋಡಬೇಕು, ಗುತ್ತಿಗೆದಾರರ ಹಳದಿ ಬೋರ್ಡಿನಲ್ಲಿ ಹಗಲೂ ರಾತ್ರಿ ಓಡಿ ಆಮೇಲೆ ಬಿಳಿ ಬೋರ್ಡು ಹಾಕಿಕೊಂಡ ಗಾಡಿಯೇ ಎಂದು ವಿಚಾರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾರುವವರಿಗೆ ಗೊತ್ತಿಲ್ಲದ ಒಬ್ಬ ಮೆಕ್ಯಾನಿಕ್ಕನಿಗೆ ಸಾವಿರ ರೂಪಾಯಿ ಕೊಟ್ಟು ಕರೆದುಕೊಂಡು ಹೋಗಬೇಕು.

ನಾವು ಮೊದಲು ನೋಡಿದ್ದು ಹಳೆಯ ಕಾರುಗಳನ್ನು ಮಾರುವ ಒಂದು ಅಂಗಳದಲ್ಲಿ. ಊರ ಹೆಸರು, ಅಂಗಡಿಯ ಹೆಸರು ಬೇಡ. ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆಲೆಯೂ ನಮ್ಮ ಕೈಗೆ ಎಟುಕುವಂಥದ್ದು. ಓಡಿಸುವವಳು ನಾನು ಎಂದು ಹೇಳಿದರೂ ಆ ಮನುಷ್ಯ ಕಾರಿನ ವಿಷಯವನ್ನೆಲ್ಲ ನಮ್ಮ ಮನೆಯವರಿಗೆ ವಿವರಿಸಿದ, ಸೀಟಿನ ಬಟ್ಟೆಯ ವಿಷಯ ಮಾತ್ರ ನನಗೆ. ಅಷ್ಟರಲ್ಲಿ ನಮ್ಮ ಮೆಕ್ಯಾನಿಕ್ ಹುಡುಗ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನನ್ನ ಮುಂದೆ ಹಿಡಿದ. ದಿನಾ ಕಾಣುವ ಅರ್ಧ ಶುಭ್ರವಾಗಿತ್ತು. ಸುರುಳಿಯೊಳಗೆ ಅಡಗಿರುವ ಅರ್ಧದಲ್ಲಿ ಒಣಗಿದ ಕೆಸರಿನ ಗೆರೆ. ಸೀಟಿನ ಕೆಳಗಿನ ಕಬ್ಬಿಣದ ಹಳಿಗೆ ತುಕ್ಕು. ಕಾರು ಎಲ್ಲೋ ನೀರಿನಲ್ಲಿ ಮುಳುಗಿ ಎದ್ದಿತ್ತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಕಾರುಗಳು ಮುಳುಗಿ ನಿಂತ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಅಂಥ ಕಾರುಗಳಲ್ಲಿ ವಯರುಗಳು ಒಳಗೊಳಗೇ ಕೊಳೆಯುತ್ತವೆ, ಎಂದು ಯಾವ ದೀಪ ಆರಿ ಯಾವ ಬ್ರೇಕು ಕೈಕೊಡುತ್ತದೋ ಯಾರಿಗೂ ತಿಳಿಯದು.

"ಇದನ್ನು ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

ಆತ ಸ್ವಲ್ಪವೂ ಅಳುಕದೆ, "ನೀವು ಕೇಳಲಿಲ್ರಿ ಮೇಡಮ್ಮೋರೆ, ನಾ ಹೇಳಲಿಲ್ಲ. ನಾನೇನು ಸುಳ್ಳು ಹೇಳೀನೇನ್ರಿ?" ಎಂದ.

ನಿಜ, ಅವನು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟೋ ವರ್ಷ ಕಲಿಸಿದ್ದೇನೆ. ಮೌನವು ಹೀಗೂ ಬಂಗಾರವಾಗುತ್ತದೆ ಎಂಬುದು ಅಂದು ಕಂಡಿತು.

ಕಾನೂನು ಏನು ಹೇಳುತ್ತದೆಂದು ಹುಡುಕಿದಾಗ 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ಸಿಕ್ಕಿತು. ಅದರ ಕೆಳಗೆ ಕೊಟ್ಟಿರುವ ಉದಾಹರಣೆಗಳು ಒಂದು ಸಣ್ಣ ಕಥೆಯಂತಿವೆ. ಕಥೆಯ ನಾಯಕ ಒಂದು ಕುದುರೆ. ಒಬ್ಬನು ತನ್ನ ಕುದುರೆಗೆ ರೋಗವಿದೆಯೆಂದು ತಿಳಿದೂ ತಿಳಿಸದೆ ಹರಾಜಿನಲ್ಲಿ ಮಾರುತ್ತಾನೆ. ಇದು ವಂಚನೆಯಲ್ಲ ಎನ್ನುತ್ತದೆ ಕಾಯಿದೆ. ಎರಡನೆಯ ಉದಾಹರಣೆಯಲ್ಲಿ ಅದೇ ಕುದುರೆ, ಆದರೆ ಕೊಳ್ಳುವವಳು ಮಾರುವವನ ಮಗಳು, ಆಗಷ್ಟೇ ವಯಸ್ಸಿಗೆ ಬಂದವಳು. ಇಲ್ಲಿ ಹೇಳುವುದು ಅವನ ಕರ್ತವ್ಯ. ಮೂರನೆಯದರಲ್ಲಿ ಕೊಳ್ಳುವವನು ಜಾಣ. "ನೀನು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ" ಎಂಬರ್ಥದ ಮಾತು ಆಡುತ್ತಾನೆ. ಆಗ ಮಾರುವವನು ಸುಮ್ಮನಿದ್ದರೂ ಆ ಮೌನ ಮಾತಿಗೆ ಸಮ.

ಈ ಮೂರನೆಯ ಕುದುರೆ ನಮ್ಮಂಥವರಿಗೆ ಬಹಳ ಉಪಕಾರಿ. ಆ ದಿನದಿಂದ ನಾನು ಯಾವ ಕಾರಿನ ಮುಂದೆ ನಿಂತರೂ ಮಾರುವವರಿಗೆ ಒಂದೇ ಮಾತು ಹೇಳಿದೆ: "ಈ ಕಾರು ಅಪಘಾತವಾಗಿಲ್ಲ, ನೀರಿನಲ್ಲಿ ಮುಳುಗಿಲ್ಲ, ಮೀಟರು ತಿರುಗಿಸಿಲ್ಲ ಎಂದು ನಾನು ತಿಳಿದುಕೊಳ್ಳುತ್ತೇನೆ. ಅಲ್ಲವಾದರೆ ಈಗಲೇ ಹೇಳಿ. ಹೌದಾದರೆ ಒಂದು ಚೀಟಿಯಲ್ಲಿ ಬರೆದು ಕೊಡಿ." ಕೆಲವರು ನಕ್ಕರು. ಇಬ್ಬರು ಕಾರನ್ನೇ ಒಳಗಿಟ್ಟರು. ಅದೂ ಒಂದು ಉತ್ತರವೇ.

ಆದರೆ ನನ್ನನ್ನು ಕಾಡಿದ್ದು ಎರಡನೆಯ ಕುದುರೆ. ಮಗಳಿಗಾದರೆ ಹೇಳಬೇಕು, ಬೇರೆಯವರಿಗಾದರೆ ಬೇಡವೇ? ಕುದುರೆ ಎಡವಿದರೆ ಮಗಳ ಕಾಲೂ ಮುರಿಯುತ್ತದೆ, ಬೇರೆಯವರ ಕಾಲೂ ಮುರಿಯುತ್ತದೆ. ಕಾನೂನು ಎಲ್ಲರಿಗೂ ಹಾಕಬಹುದಾದ ಕನಿಷ್ಠ ಗೆರೆಯನ್ನು ಎಳೆಯುತ್ತದೆ, ಅದರ ಕಷ್ಟ ನನಗೆ ಅರ್ಥವಾಗುತ್ತದೆ. ಗೆರೆಯ ಈಚೆಗೆ ನಿಂತ ಮಾತ್ರಕ್ಕೆ ನಾನು ಒಳ್ಳೆಯವಳಾದೆ ಎಂದು ತಿಳಿಯುವುದು ಬೇರೆ ಮಾತು.

ನಮ್ಮ ಹಿಂದಿನವರು ಇದನ್ನು ಯೋಚಿಸಿರಲಿಲ್ಲವೆಂದಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರವೆಂಬ ಹೆಸರಾಂತ ವ್ಯಾಖ್ಯಾನವನ್ನು ಬರೆದದ್ದು ನಮ್ಮ ಕರ್ನಾಟಕದ ಕಲ್ಯಾಣದಲ್ಲೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡಲು ಆ ಸ್ಮೃತಿ ದಿನಗಳನ್ನು ಗೊತ್ತುಮಾಡಿದೆ: ಕಬ್ಬಿಣಕ್ಕೆ ಒಂದು ದಿನ, ಹಾಲು ಕೊಡುವ ಪಶುವಿಗೆ ಮೂರು, ಹೊರೆ ಎಳೆಯುವ ಪಶುವಿಗೆ ಐದು, ರತ್ನಕ್ಕೆ ಏಳು, ಬೀಜಕ್ಕೆ ಹತ್ತು. ವಾಹನಕ್ಕೆ ಐದು ದಿನ! ನಾವು ನೋಡಿದ ಅಂಗಳದಲ್ಲಿ ನಮಗೆ ಸಿಕ್ಕಿದ್ದು ಐದು ಕಿಲೋಮೀಟರ್. ಆದರೆ ಅದೇ ಪಟ್ಟಿಯಲ್ಲಿ ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂದೂ ಇದೆ. ಅದನ್ನು ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹಿಂದಿನದೆಲ್ಲ ಬಂಗಾರವೆನ್ನುವ ಮೊದಲು ಹಿಂದೆ ಹೆಂಗಸರನ್ನೂ ಮಾರುತ್ತಿದ್ದರು ಎಂಬುದನ್ನು ನೆನಪಿಡಬೇಕು.

ಇನ್ನು ನಮ್ಮ ಹಂಪಿಯ ಕಥೆ ಕೇಳಿ. ಮಹಾನವಮಿ ದಿಬ್ಬದ ಗೋಡೆಯಲ್ಲಿ ಕೆತ್ತಿದ ಕುದುರೆಗಳನ್ನು ನೀವು ನೋಡಿರಬಹುದು. ವಿಜಯನಗರದ ಅರಸರಿಗೆ ಕುದುರೆಗಳು ಹಡಗಿನಲ್ಲಿ ಹೊರ್ಮುಜ್, ಏಡನ್‌ಗಳಿಂದ ಬರುತ್ತಿದ್ದವು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿರುವಂತೆ, ಸಾಳುವ ನರಸಿಂಹರಾಯನು ಸಮುದ್ರದಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ವ್ಯಾಪಾರಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕು. ಅರಸನಿಗೆ ಕುದುರೆಗಳು ಬರುತ್ತಲೇ ಇರಬೇಕಾಗಿತ್ತು, ಆದ್ದರಿಂದ ನಷ್ಟದ ಭಯವನ್ನು ತಾನೇ ಹೊತ್ತ. ಬೊಕ್ಕಸವಿದ್ದವನು ಬಾಲಕ್ಕೂ ಹಣ ಕೊಡಬಲ್ಲ. ಮೂರು ಲಕ್ಷ ಕೂಡಿಸಿದ ಮಾಸ್ತರಿಣಿ ಸತ್ತ ಕುದುರೆಯನ್ನು ಕೊಂಡರೆ ಅವಳ ಕೈಯಲ್ಲಿ ಉಳಿಯುವುದೂ ಬಾಲವೇ, ಕೊಡುವವರು ಮಾತ್ರ ಯಾರೂ ಇಲ್ಲ. ಅದಕ್ಕೇ ಹೇಳುತ್ತೇನೆ, ಮಾರುವವನ ಮೌನ ಎಲ್ಲರ ಮೇಲೂ ಒಂದೇ ಭಾರವಾಗಿ ಬೀಳುವುದಿಲ್ಲ. ಕೊಳ್ಳುವವರು ಬಡವರಾದಷ್ಟೂ ಅದು ಭಾರವಾಗುತ್ತದೆ.

ಮೂರನೆಯ ವಾರ ಒಬ್ಬ ಹುಡುಗನ ಕಾರು ಗೊತ್ತಾಯಿತು. ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕೈಕೆಳಗೆ ಕೆಲಸದಲ್ಲಿದ್ದವನು, ಗುತ್ತಿಗೆ ಮುಗಿದು ಊರಿಗೆ ಹಿಂತಿರುಗುತ್ತಿದ್ದ. 2019ರ ಕೊನೆಯ ಸಣ್ಣ ಕಾರು. ಬ್ಯಾಂಕಿನ ಸಾಲ ತೀರಿದ ಪತ್ರ, ಸರ್ವಿಸಿನ ರಸೀದಿಗಳು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದ. ನಾನು ನನ್ನ ಕುದುರೆಯ ಪ್ರಶ್ನೆ ಕೇಳುವ ಮೊದಲೇ ಅವನೇ ಹೇಳಿದ: "ಅಕ್ಕಾರೆ, ಕ್ಲಚ್ ಇನ್ನು ಆರು ತಿಂಗಳು ಬರ್ತದೇನೋ. ಹಿಂದಿನ ಎರಡು ಟೈರ್ ಹಾಕಿಸ್ಬೇಕು. ಎಡಗಡೆ ಬಾಗಿಲು ಗೇಟಿಗೆ ತಗಲಿ ಬಣ್ಣ ಮಾಡಿಸೀನಿ. ಉಳಿದದ್ದು ಚೊಲೋ ಐತಿ." ಬೆಲೆ 2,80,000. ಮೆಕ್ಯಾನಿಕ್ ನೋಡಿ ಬಂದು ಹೇಳಿದ್ದೂ ಅಷ್ಟೇ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕ್ಲಚ್ಚಿಗೂ ಟೈರಿಗೂ ಸೇರಿ ಸುಮಾರು 15,000 ಆದೀತೆಂದ.

ಮನೆಗೆ ಬಂದ ಮೇಲೆ ನಮ್ಮವರು ಲೆಕ್ಕ ಹಾಕಿದರು. "ಹದಿನೈದು ಅವನೇ ಒಪ್ಪಿಕೊಂಡ. ಬಾಗಿಲಿಗೆ ಐದು ಕಳೆಯೋಣ. ಎರಡು ಅರವತ್ತಕ್ಕೆ ಕೇಳೋಣ. ಅವನು ಊರಿಗೆ ಹೊರಟಿದ್ದಾನೆ, ಕೊಟ್ಟೇ ಕೊಡುತ್ತಾನೆ." ಕಾಯಿಲೆಯ ಖರ್ಚು ಕಂಡ ಮನುಷ್ಯ ರೂಪಾಯಿಗೆ ರೂಪಾಯಿ ಎಣಿಸುವುದರಲ್ಲಿ ತಪ್ಪಿಲ್ಲ. ಆದರೆ ನನಗೆ ಆ ಲೆಕ್ಕ ಸರಿಬೀಳಲಿಲ್ಲ. ಆ ಹುಡುಗ ದೋಷಗಳನ್ನು ಮೊದಲೇ ಕಳೆದು ಬೆಲೆ ಹೇಳಿದ್ದ. ದೋಷವಿಲ್ಲದ ಅದೇ ವರ್ಷದ ಕಾರುಗಳಿಗೆ ನಾವೇ ವಿಚಾರಿಸಿದಂತೆ ಮೂರು ಲಕ್ಷಕ್ಕೆ ಹತ್ತಿರವಿತ್ತು. ಮತ್ತೆ ಅದೇ ದೋಷಕ್ಕೆ ಕಳೆದರೆ ಒಂದೇ ತಪ್ಪಿಗೆ ಎರಡು ಸಲ ದಂಡ ಹಾಕಿದಂತೆ. ಹಾಗೆ ಮಾಡಿದರೆ ನಾವು ದಂಡ ಹಾಕುವುದು ಕ್ಲಚ್ಚಿಗಲ್ಲ, ಅವನು ಹೇಳಿದ ನಿಜಕ್ಕೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಸಂತೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದರು. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅಲ್ಲಿಯವರು ಕೆಟ್ಟ ಕಾರನ್ನು ನಿಂಬೆಹಣ್ಣು ಎನ್ನುತ್ತಾರಂತೆ. ನಮ್ಮಲ್ಲಿ ನಿಂಬೆಹಣ್ಣು ಇರುವುದು ಗಾಲಿಯ ಕೆಳಗೆ, ಅವರಲ್ಲಿ ಗಾಲಿಯ ಮೇಲೆ! ಅವರ ವಾದ ಸರಳ. ಕೊಳ್ಳುವವನಿಗೆ ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ತಿಳಿಯದು. ಆದ್ದರಿಂದ ಎಲ್ಲದಕ್ಕೂ ನಡುವಣ ಬೆಲೆ ಕೊಡಲು ನೋಡುತ್ತಾನೆ. ಒಳ್ಳೆಯ ಕಾರಿನವನು ಆ ಬೆಲೆಗೆ ಕೊಡಲಾರದೆ ಸಂತೆಯಿಂದ ಎದ್ದು ಹೋಗುತ್ತಾನೆ. ಕೆಟ್ಟವು ಉಳಿಯುತ್ತವೆ, ಬೆಲೆ ಇನ್ನೂ ಇಳಿಯುತ್ತದೆ, ಇನ್ನಷ್ಟು ಒಳ್ಳೆಯವು ಎದ್ದು ಹೋಗುತ್ತವೆ. ಕೊನೆಗೆ ಸಂತೆಯ ತುಂಬ ಬರೀ ನಿಂಬೆಹಣ್ಣು.

ಇದನ್ನು ಓದಿದಾಗ ನನಗೆ ಹೊಳೆದದ್ದು, ಆ ಸಂತೆಯನ್ನು ಕೆಡಿಸುವವರು ಮಾರುವವರಷ್ಟೇ ಅಲ್ಲ ಎಂದು. ನಿಜ ಹೇಳಿದವನ ಬೆಲೆಯನ್ನು ಆ ನಿಜವನ್ನೇ ಹಿಡಿದು ಜಗ್ಗುವ, ಸುಮ್ಮನಿದ್ದವನ ಹೊಳಪಿಗೆ ಕೇಳಿದಷ್ಟು ಕೊಡುವ ನಮ್ಮಂಥ ಕೊಳ್ಳುವವರೂ ಹೌದು. ಇವತ್ತು ಈ ಹುಡುಗನಿಗೆ ನಿಜ ಹೇಳಿದ್ದಕ್ಕೆ ಇಪ್ಪತ್ತು ಸಾವಿರ ನಷ್ಟವಾದರೆ, ನಾಳೆ ಅವನು ಇನ್ನೊಂದು ಕಾರು ಮಾರುವಾಗ ಏನು ಕಲಿತಿರುತ್ತಾನೆ? ಸೀಟ್‌ಬೆಲ್ಟಿನ ಕಾಣುವ ಅರ್ಧವನ್ನು ಮಾತ್ರ ತೊಳೆಯುವುದನ್ನು. ತರಗತಿಯಲ್ಲೂ ಹೀಗೇ. "ಯಾರು ಗಾಜು ಒಡೆದದ್ದು?" ಎಂದು ಕೇಳಿ, ಎದ್ದು ನಿಂತ ಒಬ್ಬನಿಗೇ ಹೊಡೆದರೆ ಮುಂದಿನ ಸಲ ಯಾರೂ ಏಳುವುದಿಲ್ಲ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಇದು ತಿಳಿಯದ ವಿಷಯವೇನಲ್ಲ.

ಅವನ ಅವಸರದ ಮಾತೂ ಇತ್ತಲ್ಲ, ಅದು ಇನ್ನೂ ಕಷ್ಟದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಈ ಭಾಗದವರು ಕಂಡದ್ದು ನೆನಪಿದೆ. ಸಾಲ ಮಾಡಿ ತಂದ ಲಾರಿಗಳು ಮನೆಗಳ ಮುಂದೆ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ. ಸಿಕ್ಕಿದ ಬೆಲೆಗೆ ಕೊಟ್ಟವರಿದ್ದಾರೆ, ಕೊಂಡು ಮುಂದೆ ಬಂದವರೂ ಇದ್ದಾರೆ. ಕೊಂಡವರೆಲ್ಲ ಪಾಪ ಮಾಡಿದರೆಂದು ನಾನು ಹೇಳಲಾರೆ. ಯಾರೂ ಕೊಳ್ಳದಿದ್ದರೆ ಮಾರುವವರ ಗತಿ ಇನ್ನೂ ಕೆಡುತ್ತಿತ್ತು. ಆದರೆ ವಸ್ತುವಿನ ಬೆಲೆ ಚೌಕಾಶಿ ಮಾಡುವುದು ಬೇರೆ, ಮನುಷ್ಯನ ಕಷ್ಟವನ್ನು ಚೌಕಾಶಿ ಮಾಡುವುದು ಬೇರೆ. ಕ್ಲಚ್ಚು ಸವೆದಿದೆ ಎಂದು ಕಡಿಮೆ ಕೇಳಬಹುದು. ನಿನ್ನ ಕೆಲಸ ಹೋಗಿದೆ ಎಂದು ಕಡಿಮೆ ಕೇಳಬಾರದು. ಬಿಗಿ ಕೈಯವರಿಗೆ ಈ ಗೆರೆ ಎಳೆಯುವುದು ಸುಲಭವಲ್ಲ, ಗೊತ್ತು. ಇಪ್ಪತ್ತು ಸಾವಿರವೆಂದರೆ ನಮಗೂ ಎಷ್ಟೋ ದಿನದ ಔಷಧಿ.

ಆ ರಾತ್ರಿ ನಮ್ಮ ಮನೆಯಲ್ಲಿ ಮಾತಾದವು. ನಾನು ಕೊನೆಗೆ ಹೇಳಿದ್ದು ಇಷ್ಟು: "ಈ ಕಾರಿನಲ್ಲಿ ನಿಮ್ಮನ್ನು ಕೂಡಿಸಿಕೊಂಡು ಹೋಗುವವಳು ನಾನು. ಅದರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವನ ಬಾಯಿಂದ ಬಂದ ನಿಜ. ಆ ನಿಜಕ್ಕೆ ಬೆಲೆಯಿಲ್ಲವೇ? ಹೊಳೆಯುವ ಕಾರಿನಲ್ಲಿ ಅದು ಎಷ್ಟು ದುಡ್ಡು ಕೊಟ್ಟರೂ ಸಿಗಲಿಲ್ಲವಲ್ಲ." ಅವರು ಉತ್ತರ ಕೊಡಲಿಲ್ಲ. ಬೆಳಿಗ್ಗೆ ಬ್ಯಾಂಕಿನ ಪಾಸ್‌ಬುಕ್ಕನ್ನು ತೆಗೆದು ಮೇಜಿನ ಮೇಲಿಟ್ಟಿದ್ದರು. ಕೇಳಿದ ಬೆಲೆಗೇ ಕೊಂಡೆವು. ಹುಡುಗ ಸಾವಿರ ರೂಪಾಯಿಯನ್ನು ಪೂಜೆಗೆಂದು ಹಿಂದಕ್ಕೆ ಕೊಟ್ಟ. ಅವನ ಹೆಸರು ಬದಲಾಗುವವರೆಗೆ ಊರಿಗೆ ಹೋಗಬಾರದೆಂದು ನಾನೇ ಪಟ್ಟು ಹಿಡಿದೆ, 29 ಮತ್ತು 30ನೆಯ ಫಾರಂಗಳನ್ನು ಕೂಡಲೇ ಕೊಡಿಸಿದೆ, ವಿಮೆಯನ್ನೂ ಹೆಸರಿಗೆ ಮಾಡಿಸಿಕೊಂಡೆ. ಇದು ನಮಗಿಂತ ಅವನಿಗೆ ಮುಖ್ಯವಾಗಿತ್ತು. ಕಾರು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಕೊಳ್ಳುವವರೂ ಮಾರುವವರಿಗೆ ಹೇಳಬೇಕಾದ ನಿಜಗಳಿರುತ್ತವೆ ನೋಡಿ.

ಇನ್ನು ಆ ಮುಳುಗಿದ ಕಾರು. ನಾವು ಬೇಡವೆಂದ ನಾಲ್ಕನೆಯ ದಿನ ಅಂಗಳದವನ ಫೋನು ಬಂತು. "ನಿಮಗೆ ಬೇಡಾದ್ರ ಬಿಡ್ರಿ, ಬ್ಯಾರೆಯವರ ಮುಂದ ಹೇಳಿ ನಮ್ಮ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ" ಎಂದ. ಅದೇ ವಾರ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ತಂಗಿಯ ಮನೆಯವರು ಅದೇ ಕಾರನ್ನು ನೋಡಿ ಬಂದದ್ದು ತಿಳಿಯಿತು. ಈಗ ಮೌನ ನನ್ನ ಸರದಿಗೆ ಬಂತು. ನಾನು ಮಾರುವವಳಲ್ಲ, ಕೊಳ್ಳುವವಳೂ ಅಲ್ಲ. ಕರಾರು ಕಾಯಿದೆಯ ಯಾವ ಉದಾಹರಣೆಯಲ್ಲೂ ನಾನಿಲ್ಲ. ನನ್ನ ಸಾವಿರ ರೂಪಾಯಿಯಿಂದ ತಿಳಿದ ವಿಷಯವನ್ನು ಬಿಟ್ಟಿ ಹಂಚಬೇಕೇ? ಒಬ್ಬನ ವ್ಯಾಪಾರಕ್ಕೆ ಕಲ್ಲು ಹಾಕಬೇಕೇ?

ನಾನು ಹೋಗಿ ಹೇಳಿದೆ. ಆದರೆ ಹೇಳುವಾಗ ಒಂದು ಎಚ್ಚರಿಕೆ ಇಟ್ಟುಕೊಂಡೆ. ಅವನು ಮೋಸಗಾರ ಎನ್ನಲಿಲ್ಲ, ಏಕೆಂದರೆ ಅವನಿಗೂ ಅದನ್ನು ಯಾರೋ ಹೇಳದೆ ಮಾರಿದ್ದಿರಬಹುದು. "ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಸೀಟಿನ ಕೆಳಗೆ ನೋಡಿ, ನಿಮ್ಮ ಮೆಕ್ಯಾನಿಕ್ಕನನ್ನು ಕರೆದುಕೊಂಡು ಹೋಗಿ" ಎಂದಷ್ಟೇ ಹೇಳಿದೆ. ಕಂಡದ್ದನ್ನು ಹೇಳುವುದು ಸಾಕ್ಷಿಯ ಕೆಲಸ, ಶಿಕ್ಷೆ ಕೊಡುವುದು ಸಾಕ್ಷಿಯ ಕೆಲಸವಲ್ಲ. ಅವನ ಹೊಟ್ಟೆಯ ಮಾತು ನನಗೂ ಚುಚ್ಚಿತು. ಆದರೆ ಆ ಮನೆಯಲ್ಲಿ ಎರಡು ಮಕ್ಕಳಿವೆ. ಹಿಂದಿನ ಸೀಟಿನಲ್ಲಿ ಕೂಡುವವು ಅವು.

ಹತ್ತನೆಯ ತರಗತಿಯಲ್ಲಿ ಈ ಕುದುರೆಯ ಕಥೆಯನ್ನು ಹೇಳಿ, "ಮಗಳಿಗೆ ಮಾತ್ರ ಏಕೆ ಹೇಳಬೇಕು?" ಎಂದು ಕೇಳಿದೆ. ಹುಡುಗರು ಗಲಾಟೆ ಮಾಡಿದರು, ವ್ಯಾಪಾರವೆಂದರೆ ವ್ಯಾಪಾರ ಎಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಕೊಳ್ಳಾಕ ಬಂದಾಕಿನೂ ಯಾರದೋ ಮಗಳ ಅಲ್ಲೇನ್ರಿ ಟೀಚರ್?" ಎಂದಳು. ನಾನು ಇಷ್ಟು ಪುಟ ಸುತ್ತಿ ಬಂದು ಹೇಳಬೇಕೆಂದಿದ್ದನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿ ಕೂತುಬಿಟ್ಟಳು.

ಕಾರಿನ ಡ್ಯಾಷ್‌ಬೋರ್ಡಿನ ಖಾನೆಯಲ್ಲಿ ಈಗ ಒಂದು ನೂರು ಪುಟದ ನೋಟುಬುಕ್ಕಿದೆ. ಕ್ಲಚ್ಚು ಹಾಕಿಸಿದ ದಿನ, ಟೈರಿನ ರಸೀದಿ, ಶಾಲೆಯ ಗೇಟಿನ ಬಳಿ ನಾನು ರಿವರ್ಸ್ ತೆಗೆಯುವಾಗ ಬಂಪರಿಗೆ ಬಿದ್ದ ಗೀರು, ಎಲ್ಲವನ್ನೂ ತಾರೀಖು ಹಾಕಿ ಬರೆಯುತ್ತಿದ್ದೇನೆ. ಮುಂದೊಂದು ದಿನ ಈ ಕಾರನ್ನು ಯಾರಾದರೂ ಕೊಳ್ಳಲು ಬಂದರೆ ಕೀಲಿಯ ಜೊತೆ ಆ ಪುಸ್ತಕವನ್ನೂ ಕೊಡಬೇಕು. ಅವರು ಅದನ್ನು ಓದಿ ಬೆಲೆ ಜಗ್ಗಿದರೆ ಜಗ್ಗಲಿ. ಬರೆದಿರುವುದರಲ್ಲಿ ಒಂದು ಸಾಲನ್ನೂ ಹರಿಯುವುದಿಲ್ಲವೆಂದು ನಮ್ಮ ಮನೆಯವರಿಗೆ ಈಗಲೇ ಹೇಳಿಟ್ಟಿದ್ದೇನೆ.